ಎಣ್ಣೆ ಡಬ್ಬಿ ಆಮೇಲೆ ತೆಗೆಯಿರಿ: ಹಳೆಯ ಜೀನು, ಲಗಾಮಿನ ದೋಷ ಹಿಡಿಯುವ ಬಗೆ

ಹಳೆಯ ಕುದುರೆ ಸಾಮಾನು ಮನೆಗೆ ಬಂದರೆ ಮೊದಲು ಕೈ ಹೋಗುವುದು ಎಣ್ಣೆ ಡಬ್ಬಿಗೆ. ನಾನೂ ಹಾಗೇ ಮಾಡಿದವನು. ಮೈಸೂರಿನಲ್ಲಿ ಟಾಂಗಾ ಓಡಿಸುತ್ತಿದ್ದವರೊಬ್ಬರು ಕುದುರೆ ಮಾರಿದ ಮೇಲೆ ಮೂಲೆಗೆ ಎಸೆದಿದ್ದ ಲಗಾಮು, ಕತ್ತುಪಟ್ಟಿ, ಹೊಟ್ಟೆಪಟ್ಟಿಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಬಂದಿದ್ದೆ. ಒಣಗಿ ಕೊರಡಿನಂತಾಗಿದ್ದವು. ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ಚೆನ್ನಾಗಿ ಕುಡಿಸಿದೆ. ಅವತ್ತು ಸಂಜೆಗೆ ಪಟ್ಟಿಗಳೆಲ್ಲ ಕಪ್ಪಗೆ ಮಿರಮಿರ ಮಿಂಚಿದವು, ನನಗೂ ಖುಷಿಯಾಯಿತು. ಡಿಸೆಂಬರಿನ ಒಂದು ಬೆಳಗ್ಗೆ ನೋಡಿದರೆ ಅಷ್ಟಕ್ಕೂ ಬೂದಿ ಎರಚಿದ ಹಾಗೆ ಬಿಳುಪು. ಬೂಷ್ಟು ಹಿಡಿಯಿತೆಂದು ಹೆದರಿ ಸಾಬೂನು ಹಾಕಿ ತಿಕ್ಕಿದೆ. ಅದು ಇನ್ನೊಂದು ತಪ್ಪು.

ಟಾಂಗಾ ಸಾಮಾನು ಹೊಲಿಯುತ್ತಿದ್ದ ಒಬ್ಬ ಹಿರಿಯ ಸಾಬರಿಗೆ ಒಯ್ದು ತೋರಿಸಿದಾಗ ಅವರು ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ನಕ್ಕರು. "ಏನ್ ಸಾರ್, ಗಾಯ ಎಲ್ಲಿದೆ ಅಂತ ನೋಡ್ದೇನೇ ಮುಲಾಮು ಹಚ್ಬಿಟ್ರಾ?"

ಎಣ್ಣೆ ಬಿದ್ದ ಮೇಲೆ ದೋಷ ಕಾಣಿಸುವುದಿಲ್ಲ. ಕೂದಲೆಳೆ ಬಿರುಕು ಮುಚ್ಚಿಕೊಳ್ಳುತ್ತದೆ, ಉಪ್ಪಿನ ಗೆರೆ ಮಾಯವಾಗುತ್ತದೆ, ಸತ್ತ ತೊಗಲೂ ಜೀವ ಬಂದಂತೆ ಹೊಳೆಯುತ್ತದೆ. ಹಾಗಾಗಿ ಕೆಳಗಿನ ಪರೀಕ್ಷೆಗಳನ್ನೆಲ್ಲ ಸಾಮಾನು ಒಣಗಿದ್ದಾಗ, ಹಗಲು ಬೆಳಕಿನಲ್ಲಿ, ಎಲ್ಲ ಬಕಲ್ಲು ಬಿಚ್ಚಿ, ಪ್ರತಿ ಪಟ್ಟಿಯನ್ನೂ ಬೇರೆ ಮಾಡಿ ಹರಡಿಕೊಂಡು ಮಾಡಬೇಕು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕಡಿವಾಣ ಬಿಚ್ಚುವುದು ಸುಲಭ. ವಾಪಸ್ ಜೋಡಿಸುವಾಗ ಯಾವ ಪಟ್ಟಿ ಕೆನ್ನೆಗೆ, ಯಾವುದು ಗಂಟಲಿಗೆ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಮೊದಲ ಪ್ರಶ್ನೆ: ಇದು ಯಾವ ಹದದ ತೊಗಲು?

ಕುದುರೆ ಸಾಮಾನಿನ ಒಳ್ಳೆಯ ಪಟ್ಟಿಗಳು ಬಹುಪಾಲು ಮರದ ತೊಗಟೆಯ ಚೊಗರಿನಲ್ಲಿ ಹದ ಮಾಡಿದ ತೊಗಲಿನವು. ನಮ್ಮ ದಕ್ಷಿಣದಲ್ಲಿ ತಂಗಡಿ ಗಿಡದ ತೊಗಟೆ, ಅಂದರೆ ಆವರಿಕೆ, ಈ ಕೆಲಸಕ್ಕೆ ಹೆಸರುವಾಸಿಯಾಗಿತ್ತು. ಈಗಿನ ಬ್ಯಾಗು, ಶೂಗಳ ತೊಗಲು ಹೆಚ್ಚಾಗಿ ಕ್ರೋಮ್ ಹದದ್ದು, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಎರಡಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ಪಟ್ಟಿಯ ತುದಿಯನ್ನು ಬ್ಲೇಡಿನಲ್ಲಿ ಒಂದು ಕೂದಲಿನಷ್ಟು ಸವರಿ ಅಡ್ಡಕೊಯ್ತ ನೋಡಿ. ಒಳಗೆಲ್ಲ ಕಂದು ಬಣ್ಣವಿದ್ದರೆ ತೊಗಟೆ ಹದ. ನಡುವೆ ನೀಲಿ ಬೆರೆತ ಬೂದು ಕಂಡರೆ ಕ್ರೋಮ್. ಅನುಮಾನ ಉಳಿದರೆ ಆ ಚೂರನ್ನು ಕುದಿಯುವ ನೀರಿಗೆ ಹಾಕಿ. ತೊಗಟೆ ಹದದ್ದು ಕಣ್ಣೆದುರೇ ಮುದುಡಿ ಗಟ್ಟಿಯಾಗುತ್ತದೆ, ಕ್ರೋಮ್ ಹದದ್ದು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಒದ್ದೆ ಲಗಾಮನ್ನು ಒಲೆಯ ಪಕ್ಕ ಒಣಗಿಸಬೇಡಿ ಎನ್ನುವುದು ಯಾಕೆ ಎಂಬುದಕ್ಕೂ ಈ ಚೂರೇ ಸಾಕ್ಷಿ. ತೊಗಟೆ ಹದದ ತೊಗಲು ಒದ್ದೆಯಿದ್ದಾಗ 70–80 ಡಿಗ್ರಿ ಸೆಲ್ಸಿಯಸ್ ಬಿಸಿಗೇ ಮುದುಡಲು ಶುರುಮಾಡುತ್ತದೆ. ಹಳೆಯದಾಗಿದ್ದರೆ ಅಷ್ಟು ಬಿಸಿಯೂ ಬೇಕಿಲ್ಲ.

ಮುದ್ರೆ ಇದೆಯೇ ಎಂದೂ ನೋಡಿ. ನಮ್ಮ ಕಡೆ ಸಿಗುವ ಹಳೆಯ ಜೀನುಗಳಲ್ಲಿ ಕಾನ್ಪುರದವು ಆಗಾಗ ಕೈಗೆ ಬರುತ್ತವೆ. 1860ರ ದಶಕದಲ್ಲಿ ಸೈನ್ಯಕ್ಕಾಗಿ ಅಲ್ಲಿ ಸರ್ಕಾರಿ ಜೀನು ಕಾರ್ಖಾನೆ ಶುರುವಾದಾಗಿನಿಂದ ಆ ಊರು ಈ ಕಸುಬಿನ ತವರು. ಅಲ್ಲಿನ ಜೀನು ಕೆಲಸಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಮುದ್ರೆ ಇದ್ದ ಮಾತ್ರಕ್ಕೆ ಸಾಮಾನು ಗಟ್ಟಿ ಎಂದಲ್ಲ, ಆದರೆ ಸೈನ್ಯದ ಹಳೆಯ ಪಟ್ಟಿಗಳ ದಪ್ಪ ನೋಡಿದಾಗ ನನಗಂತೂ ಹೊಟ್ಟೆಕಿಚ್ಚಾಗುತ್ತದೆ.

ಬಿಳುಪು ಕಂಡರೆ

ಹವ್ಯಾಸಿಗಳು ಅತಿ ಹೆಚ್ಚು ಎಡವುವುದು ಇಲ್ಲೇ. ಬಿಳಿ ಕಂಡದ್ದೆಲ್ಲ ಬೂಷ್ಟಲ್ಲ. ಒಂದು ಹೇರ್ ಡ್ರೈಯರ್, ಒಂದು ಒದ್ದೆ ಬಟ್ಟೆ, ನಿಮ್ಮ ಮೂಗು, ಇಷ್ಟಿದ್ದರೆ ಬಿಳುಪಿನ ಗುಟ್ಟು ಹೊರಬೀಳುತ್ತದೆ.

ಬಿಳುಪಿನ ಒಂದು ರೂಪಾಯಿಯಗಲ ಜಾಗಕ್ಕೆ ದೂರದಿಂದ ಬೆಚ್ಚನೆಯ ಗಾಳಿ ಬಿಡಿ. ಅರ್ಧ ನಿಮಿಷದಲ್ಲಿ ಅದು ಕರಗಿ ತೊಗಲಿನೊಳಗೆ ಇಳಿದುಹೋದರೆ ಅದು ಕೊಬ್ಬು ಅಥವಾ ಮೇಣ. ನನ್ನ ಪಟ್ಟಿಗಳದ್ದು ಇದೇ ಕಥೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಮೈಸೂರಿನ ಚಳಿಗಾಲದ ಬೆಳಗ್ಗೆ ಬಾಟಲಿಯೊಳಗೆ ಆಗುವುದೇ ತೊಗಲಿನ ಮೇಲೂ ಆಗಿತ್ತು. ಇದರಿಂದ ಅಪಾಯವೇನಿಲ್ಲ. ಬೆಚ್ಚಗೆ ಮಾಡಿ ಬಟ್ಟೆಯಲ್ಲಿ ಒರೆಸಿ ತೆಗೆದರೆ ಮುಗಿಯಿತು, ಇನ್ನಷ್ಟು ಎಣ್ಣೆ ಹಾಕಬಾರದು ಅಷ್ಟೆ. ಹೊಸದಾಗಿ ಕೊಂಡ ಕಡಿವಾಣದ ಪಟ್ಟಿಯ ಮೇಲೂ ಈ ಬಿಳುಪು ಬರುವುದುಂಟು. ಹದ ಮಾಡುವಾಗ ತುಂಬಿದ ಮೇಣ ಮೇಲೆ ಬಂದಿರುತ್ತದೆ, ಅದು ತೊಗಲಿನಲ್ಲಿ ಸಾಕಷ್ಟು ಜಿಡ್ಡಿದೆ ಎಂಬುದರ ಗುರುತು. ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮುಂಚೆ ಈ ಪರೀಕ್ಷೆ ಮಾಡಿ.

ಬಿಸಿಗೆ ಜಗ್ಗದೆ, ಒದ್ದೆ ಬಟ್ಟೆಗೆ ತಕ್ಷಣ ಮಾಯವಾಗಿ, ಒಣಗಿದ ಮೇಲೆ ಮತ್ತೆ ಗೆರೆಗೆರೆಯಾಗಿ ಮೂಡಿದರೆ ಅದು ಬೆವರಿನ ಉಪ್ಪು. ಜೀನಿನ ಅಡಿ, ಹೊಟ್ಟೆಪಟ್ಟಿಯ ಒಳಮೈ, ಹಣೆಪಟ್ಟಿಯ ಹಿಂಬದಿ ಇದರ ತಾಣ. ಹಿಂಡಿದ ಒದ್ದೆ ಸ್ಪಂಜಿನಲ್ಲಿ, ಪ್ರತಿ ಸಲವೂ ಹೊಸ ನೀರಿನಲ್ಲಿ, ಮೂರು ನಾಲ್ಕು ದಿನ ಬಿಟ್ಟು ಬಿಟ್ಟು ಒರೆಸಿ ನೆರಳಲ್ಲಿ ಒಣಗಿಸಬೇಕು. ಉಪ್ಪು ಪೂರ್ತಿ ಬಿಡದೆ ಎಣ್ಣೆ ಹಾಕಿದರೆ ಒಳಗೇ ಉಳಿದು ತೊಗಲನ್ನು ಸೆಟೆಸುತ್ತಲೇ ಇರುತ್ತದೆ. ಇಲಿಗಳು ಹೊಟ್ಟೆಪಟ್ಟಿಯನ್ನೇ ಹುಡುಕಿ ಕಡಿಯುವುದೂ ಈ ಉಪ್ಪಿನ ಆಸೆಗೇ.

ಬಿಸಿಗೂ ಕರಗದೆ, ಒರೆಸಿದರೆ ಹಸಿರೋ ಬೂದುಬಣ್ಣವೋ ಬಟ್ಟೆಗೆ ಹತ್ತಿ, ಮಣ್ಣುವಾಸನೆ ಹೊಡೆದರೆ ಆಗ ಅದು ನಿಜವಾದ ಬೂಷ್ಟು. ಕೊಬ್ಬಿನ ಬಿಳುಪು ಒಂದೇ ಸಮ ಹರಡಿರುತ್ತದೆ, ಬೂಷ್ಟು ಸಣ್ಣ ಸಣ್ಣ ಬೊಟ್ಟುಗಳಾಗಿ ಶುರುವಾಗುತ್ತದೆ. ಹೊಲಿಗೆಯ ಸಂದು ಅದಕ್ಕೆ ಬಹಳ ಇಷ್ಟ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮನೆಯ ಹೊರಗೆ ಒಣ ಬ್ರಷ್ಷಿನಲ್ಲಿ ಉದುರಿಸಿ, ನೀರು ಬೆರೆಸಿದ ಸ್ಪಿರಿಟ್ಟಿನಲ್ಲಿ ಒರೆಸಿ, ಗಾಳಿಗೆ ತೂಗುಹಾಕಿ. ಸ್ಪಿರಿಟ್ ಬಣ್ಣ ಎಬ್ಬಿಸುತ್ತದೆಯೇ ಎಂದು ಮೊದಲು ಹಿಂಬದಿಯಲ್ಲಿ ಪರೀಕ್ಷಿಸಿ. ಗಾಳಿಯ ತೇವಾಂಶ ಶೇಕಡಾ 65–70 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಮತ್ತೆ ಬರುತ್ತದೆ. ಮಡಿಕೇರಿ, ಸಕಲೇಶಪುರದ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀರುವಿನಲ್ಲಿ ಇಟ್ಟರೆ ಬೂಷ್ಟಿಗೆ ತೊಟ್ಟಿಲು ಕಟ್ಟಿಕೊಟ್ಟ ಹಾಗೆ. ಹಳೆಯ ಕಾಟನ್ ಪಂಚೆಯಲ್ಲಿ ಸುತ್ತಿಡಿ.

ಸೆಟೆದುಕೊಂಡ ಪಟ್ಟಿ

ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಪಟ್ಟಿಯ ನುಣುಪು ಮೈ ಹೊರಗೆ ಬರುವಂತೆ ಅದರ ಸುತ್ತ ನಿಧಾನಕ್ಕೆ ಬಗ್ಗಿಸಿ. ಜೋರು ಮಾಡಬೇಡಿ, ಬಗ್ಗಿದಷ್ಟೇ ಸಾಕು. ಬಗ್ಗಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ.

ಅಂಗೈ ರೇಖೆಯಂಥ ಸಣ್ಣ ಸುಕ್ಕು ಬಿದ್ದು, ಬಿಟ್ಟಾಗ ಮಾಯವಾದರೆ ಪಟ್ಟಿ ಬರೀ ಒಣಗಿದೆ, ಉಳಿಸಿಕೊಳ್ಳಬಹುದು. ಸುಕ್ಕಿನ ತಳದಲ್ಲಿ ತಿಳಿ ಬಣ್ಣದ ನಾರು ಇಣುಕಿದರೆ ಬಿರುಕು ಆಗಲೇ ಒಳಗಿಳಿದಿದೆ. ಅಂಥ ಪಟ್ಟಿ ಗೋಡೆಗೆ ಸರಿ, ಕುದುರೆಗೆ ಬೇಡ. ಬಿರುಕಿಗೆ ಎಣ್ಣೆ ಬಿಟ್ಟರೆ ನಾರು ಕೂಡಿಕೊಳ್ಳುವುದಿಲ್ಲ. ಬಗ್ಗದೇ ಇರುವ, ಗಾಜಿನ ಹಾಗೆ ಹೊಳೆಯುವ, ಅಕ್ಕಪಕ್ಕಕ್ಕಿಂತ ಕುಗ್ಗಿದ ತುಂಡು ಸಿಕ್ಕಿತೆಂದರೆ ಅದು ಯಾವಾಗಲೋ ಒದ್ದೆಯಾಗಿ ಬಿಸಿಗೆ ಬೆಂದದ್ದು. ಅದಕ್ಕೆ ಮದ್ದಿಲ್ಲ.

ಇನ್ನೊಂದು ಬಗೆ ಇದೆ: ಮುಟ್ಟಿದರೆ ಬೆರಳಿಗೆ ಇಟ್ಟಿಗೆ ಪುಡಿಯಂಥ ಕೆಂಪು ಹತ್ತುತ್ತದೆ. ತೊಗಟೆ ಹದದ ಹಳೆಯ ತೊಗಲು ಗಾಳಿಯಲ್ಲಿನ ಗಂಧಕದ ಹೊಗೆ ಹೀರಿ ಆಮ್ಲವಾಗಿ ಒಳಗೇ ಕುಸಿದ ಸ್ಥಿತಿ ಇದು. ಎಣ್ಣೆ ಹಾಕಿದರೆ ಕಪ್ಪಾಗಿ ಇನ್ನಷ್ಟು ಉದುರುತ್ತದೆ. ಒರೆಸದೆ, ಬಗ್ಗಿಸದೆ, ಹತ್ತಿಬಟ್ಟೆಯ ಮೇಲೆ ಮಲಗಿಸಿಡಿ.

ಬರೀ ಒಣಗಿದ್ದಕ್ಕೆ ಮಾತ್ರ ಎಣ್ಣೆ. ಅದೂ ಮೊದಲು ಒದ್ದೆ ಸ್ಪಂಜಿನಿಂದ ಒರೆಸಿ, ಮೇಲಿನ ನೀರು ಆರಿ ಒಳಗೆ ತಂಪು ಉಳಿದಿರುವಾಗ. ನಾನು ಬಳಸುವುದು ನೀಟ್ಸ್‌ಫುಟ್ ಎಣ್ಣೆ. ದನದ ಕಾಲಿನ ಕೆಳಭಾಗದ ಮೂಳೆಗಳಿಂದ ತೆಗೆಯುವ ಇದು ಚಳಿಗೂ ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ. ಮೈಯ ನಡುಭಾಗದ ಕೊಬ್ಬಿಗಿಂತ ಕಾಲ ತುದಿಯ ಕೊಬ್ಬು ತಣ್ಣಗಿನಲ್ಲೂ ತೆಳುವಾಗಿಯೇ ಇರಬೇಕಲ್ಲ, ಅದೇ ಗುಣ. ಒಂದು ಲಗಾಮಿಗೆ ಒಂದು ಟೀ ಚಮಚ, ಒಳಮೈಯಿಂದ. ಒಂದು ದಿನ ಬಿಟ್ಟು ಮತ್ತೆ ಪೆನ್ಸಿಲ್ ಪರೀಕ್ಷೆ. ಇನ್ನೂ ಬಿಗಿಯೆನಿಸಿದರೆ ಇನ್ನೊಂದು ಚಮಚ. ಹರಳೆಣ್ಣೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಅಡುಗೆ ಎಣ್ಣೆಗಳ ಮಾತೇ ಬೇಡ, ಕಮಟು ವಾಸನೆ ಬಂದಾಗ ಮನೆಯವರು ಜೀನಿನ ಜೊತೆ ನಿಮ್ಮನ್ನೂ ಹೊರಗೆ ಹಾಕುತ್ತಾರೆ.

ಎಣ್ಣೆ ಹೆಚ್ಚಾದ ಪಟ್ಟಿಯನ್ನು ಗುರುತಿಸುವುದು ಸುಲಭ. ಒಂದು ತುದಿ ಹಿಡಿದರೆ ಇನ್ನೊಂದು ತುದಿ ಒದ್ದೆ ಟವಲ್ಲಿನ ಹಾಗೆ ಜೋತುಬೀಳುತ್ತದೆ, ಎಳೆದರೆ ಹಿಗ್ಗುತ್ತದೆ, ಟಿಶ್ಯೂ ಒತ್ತಿದರೆ ಕಲೆ ಬೀಳುತ್ತದೆ. ಟಿಶ್ಯೂ ಕಾಗದದಲ್ಲಿ ಸುತ್ತಿ ವಾರಗಟ್ಟಲೆ ಬದಲಾಯಿಸುತ್ತಾ ಹೋದರೆ ಸ್ವಲ್ಪ ಇಳಿಯುತ್ತದೆ. ಹಿಗ್ಗಿದ್ದು ವಾಪಸ್ ಬರುವುದಿಲ್ಲ.

ಕಪ್ಪು ಕಲೆ, ಹಸಿರು ಮೇಣ

ತೊಗಟೆ ಹದದ ಪಟ್ಟಿಯ ಮೇಲೆ ನೀಲಿ ಬೆರೆತ ಕಪ್ಪು ಕಲೆ ಎದ್ದರೆ ಸಾಮಾನ್ಯವಾಗಿ ಕಾರಣ ಕಬ್ಬಿಣ. ಬಾಳೆಕಾಯಿ ಹೆಚ್ಚಿದ ಕತ್ತಿ ಕಪ್ಪಾಗುವುದನ್ನು ಕಂಡವರಿಗೆ ಇದು ಹೊಸದಲ್ಲ, ಚೊಗರು ಕಬ್ಬಿಣಕ್ಕೆ ತಗುಲಿದರೆ ಕಪ್ಪಾಗುತ್ತದೆ. ಒದ್ದೆ ತೊಗಲಿಗೆ ಅರದ ಪುಡಿ ಬಿದ್ದರೂ ಸಾಕು. ಸಣ್ಣ ಕಲೆಗೆ ನಿಂಬೆರಸ ಸವರಿ, ಮಾಸಿದ ಮೇಲೆ ನೀರಿನಲ್ಲಿ ಒರೆಸಿ. ತೊಗಲನ್ನು ಕಪ್ಪು ಮಾಡಲು ವಿನೆಗರಿನಲ್ಲಿ ಕಬ್ಬಿಣದ ಚೂರು ನೆನೆಸಿದ ನೀರನ್ನು ಬೇಕೆಂದೇ ಬಳಿಯುವ ಹಳೆಯ ಪದ್ಧತಿ ನಡೆಯುವುದೂ ಇದೇ ಗುಣದ ಮೇಲೆ.

ಹಿತ್ತಾಳೆ ಬಕಲ್ಲಿನ ಬುಡದಲ್ಲಿ ಹಸಿರು ಮೇಣ ಕಂಡರೆ ಅದು ತಾಮ್ರ ಮತ್ತು ಎಣ್ಣೆಯ ಆಮ್ಲ ಸೇರಿ ಆದದ್ದು. ಬಿದಿರು ಕಡ್ಡಿಯಲ್ಲಿ ಕೆರೆದು ತೆಗೆಯಿರಿ. ಅದು ಮತ್ತೆ ಮತ್ತೆ ಬರುತ್ತಿದ್ದರೆ ನೀವು ಎಣ್ಣೆ ಹೆಚ್ಚು ಹಾಕುತ್ತಿದ್ದೀರಿ. ಬಕಲ್ಲಿಗೆ ಆಯಸ್ಕಾಂತ ಹಿಡಿದು ನೋಡುವುದನ್ನೂ ಮರೆಯಬೇಡಿ. ಹಿತ್ತಾಳೆಯಂತೆ ಕಾಣುವುದು ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲಿನ ಹಿತ್ತಾಳೆ ಲೇಪ ಕಿತ್ತ ಕಡೆ ತುಕ್ಕು ತೊಗಲನ್ನು ತಿನ್ನುತ್ತಿರುತ್ತದೆ.

ಹೊಲಿಗೆ ಬಿಟ್ಟರೆ

ಹೊಲಿಗೆಯ ಎರಡೂ ಬದಿ ಹಿಡಿದು ಪುಸ್ತಕ ತೆರೆದಂತೆ ಎಳೆಯಿರಿ. ನೂಲು ಪಟಪಟನೆ ಹರಿದು ತೂತುಗಳು ಮಾತ್ರ ದುಂಡಗೆ, ಗಟ್ಟಿಯಾಗಿ ಉಳಿದಿದ್ದರೆ ಸಂತೋಷಪಡಿ. ಸತ್ತದ್ದು ನೂಲು, ತೊಗಲಲ್ಲ. ಹಳೆಯ ನೂಲನ್ನು ಚಿಮುಟದಲ್ಲಿ ಒಂದೊಂದಾಗಿ ಕಿತ್ತು, ಅದೇ ತೂತುಗಳಲ್ಲಿ, ಜೇನುಮೇಣ ಉಜ್ಜಿದ ದಾರದಿಂದ, ಎರಡು ಸೂಜಿಯಲ್ಲಿ ಹೊಲಿಯಿರಿ. ಒಂದೇ ದಾರದ ಎರಡು ತುದಿ ಪ್ರತಿ ತೂತಿನಲ್ಲೂ ಎದುರುಬದುರಾಗಿ ಹಾಯುವ ಈ ಹೊಲಿಗೆಯಲ್ಲಿ ಒಂದು ಕಡೆ ಸವೆದರೂ ಇನ್ನೊಂದು ಎಳೆ ಹಿಡಿದಿರುತ್ತದೆ. ಮಿಷಿನ್ ಹೊಲಿಗೆ ಹಾಗಲ್ಲ, ಒಂದು ಕೊಂಡಿ ಹರಿದರೆ ಪಕ್ಕದ್ದೂ ಸಡಿಲವಾಗುತ್ತಾ ಹೋಗುತ್ತದೆ.

ನೂಲು ಗಟ್ಟಿಯಿದ್ದು ತೊಗಲೇ ಹೊಲಿಗೆಗುಂಟ ಸೀಳಿದರೆ ದೋಷ ಹೊಲಿದವನದು. ನನ್ನ ಮೊದಲ ಹಣೆಪಟ್ಟಿ ಹೀಗೇ ಹೋಯಿತು. ಚಂದ ಕಾಣಲೆಂದು ಅಂಗುಲಕ್ಕೆ 12 ಹೊಲಿಗೆ ಹಾಕಿದ್ದೆ, ಅಂಚೆಚೀಟಿ ಹರಿಯಲು ತೂತು ಹೊಡೆದುಕೊಟ್ಟ ಹಾಗಾಯಿತು. ಈಗ 7 ಅಥವಾ 8ಕ್ಕೆ ನಿಲ್ಲಿಸುತ್ತೇನೆ. ತೂತು ಹೊಡೆಯುವ ಆರಿಯನ್ನೂ ಓರೆಯಾಗಿ ಇಳಿಸುತ್ತೇನೆ, ತೂತುಗಳು ಒಂದರ ಹಿಂದೆ ಒಂದು ಸಾಲಾಗಿ ಕೂಡಿಕೊಳ್ಳುವುದಿಲ್ಲ.

ನಾವೇ ಮಾಡಿದ ಪಟ್ಟಿ ಹಿಗ್ಗಿದರೆ, ತುಂಡಾದರೆ

ಜೋಡಿ ಪಟ್ಟಿಗಳನ್ನು ಒಂದೇ ಅಳತೆಗೆ ಕತ್ತರಿಸಿದ್ದರೂ ತಿಂಗಳಲ್ಲಿ ಒಂದು ಉದ್ದವಾಯಿತೇ? ಒಂದು ಅಂಚು ಹಿಗ್ಗಿ ಪಟ್ಟಿ ಬಿಲ್ಲಿನಂತೆ ಬಾಗಿತೇ? ಹಾಗಿದ್ದರೆ ನಿಮಗೆ ಸಿಕ್ಕಿರುವುದು ಹೊಟ್ಟೆಭಾಗದ ತೊಗಲು. ದನದ ಹೊಟ್ಟೆಯ ಕಡೆ ನಾರು ಸಡಿಲ, ಬೆನ್ನಿನ ಕಡೆ ಒತ್ತು. ಭಾರ ಹೊರುವ ಪಟ್ಟಿಗೆ ಬೆನ್ನೆಲುಬಿನ ಪಕ್ಕದಿಂದ, ಬೆನ್ನೆಲುಬಿಗೆ ಸಮನಾಗಿ ಉದ್ದಕ್ಕೆ ಕತ್ತರಿಸಿದ ತೊಗಲೇ ಆಗಬೇಕು. ಅಂಗಡಿಯಲ್ಲಿ ಗುರುತು ಹಿಡಿಯಲು ಒಳಮೈ ನೋಡಿ. ಹೊಟ್ಟೆಭಾಗ ತುಪ್ಪಟದಂತೆ ಎದ್ದಿರುತ್ತದೆ, ನುಣುಪು ಮೈಯನ್ನು ಒಳಕ್ಕೆ ಮಡಿಸಿದರೆ ದೊಡ್ಡ ದೊಡ್ಡ ಸುಕ್ಕು ಏಳುತ್ತದೆ. "ಎಲ್ಲ ಒಂದೇ ಸಾರ್" ಎನ್ನುವವರ ಮಾತು ಕೇಳಿ ನಾನು ಎರಡು ಲಗಾಮು ಕಳೆದುಕೊಂಡಿದ್ದೇನೆ.

ಬಕಲ್ಲಿನ ಮಡಿಕೆಯಲ್ಲೇ ತುಂಡಾದರೆ ಕಾರಣ ತೊಗಲು ಕೆತ್ತುವ ರಂಪಿಗೆ. ಮಡಿಕೆ ಚಪ್ಪಟೆ ಕೂರಲೆಂದು ಅಲ್ಲೇ ಹೆಚ್ಚು ಕೆತ್ತಿಬಿಡುತ್ತೇವೆ, 4 ಮಿಲಿಮೀಟರ್ ಪಟ್ಟಿ ಅಲ್ಲಿ ಒಂದೂವರೆಗೆ ಬಂದಿರುತ್ತದೆ. ಅಷ್ಟೂ ಭಾರ ಬೀಳುವುದು ಅಲ್ಲಿಗೇ. ಮಡಿಸಿ ಹಿಂದಕ್ಕೆ ಹೋಗುವ ತುದಿಯನ್ನು ಎಷ್ಟು ಬೇಕಾದರೂ ತೆಳ್ಳಗೆ ಮಾಡಿ, ತಿರುವನ್ನು ಮಾತ್ರ ಹೆಚ್ಚು ಮುಟ್ಟಬೇಡಿ. ಬಕಲ್ಲಿನ ಮುಳ್ಳು ಹಾಯುವ ಗಂಡಿಯ ಎರಡು ತುದಿಗೂ ದುಂಡು ತೂತು ಹೊಡೆದಿದ್ದೀರಾ ನೋಡಿ. ಚೂಪು ಮೂಲೆ ಬಿಟ್ಟರೆ ಸೀಳು ಅಲ್ಲಿಂದಲೇ ಹೊರಡುತ್ತದೆ.

ಜೀನಿನ ಒಳಗಿನ ಚೌಕಟ್ಟು

ಜೀನಿನೊಳಗೆ ಟ್ರೀ ಎಂದು ಕರೆಯುವ ಚೌಕಟ್ಟು ಇರುತ್ತದೆ. ಇಂಗ್ಲಿಷ್ ಮಾದರಿಯ ಹಳೆಯ ಜೀನುಗಳಲ್ಲಿ ಮರ, ಅದಕ್ಕೆ ಉಕ್ಕಿನ ಬಲ. ಇದು ಮುರಿದಿದ್ದರೂ ಹೊರಗಿನ ತೊಗಲು ಏನೂ ತೋರಿಸದೆ ಇರಬಹುದು. ಹಾಗಾಗಿ ಜೀನು ಕೊಳ್ಳುವಾಗಲೇ ಪರೀಕ್ಷಿಸಬೇಕು. ಮಾರುವವರು ಮುಖ ಸಿಂಡರಿಸಿದರೂ ಸರಿ.

ಜೀನನ್ನು ತೊಡೆಯ ಮೇಲಿಟ್ಟು ಮುಂಭಾಗವನ್ನು ಹೊಟ್ಟೆಗೆ ಒತ್ತಿ, ಎರಡೂ ಕೈಯಿಂದ ಹಿಂಭಾಗವನ್ನು ನಿಮ್ಮತ್ತ ಎಳೆಯಿರಿ. ಸ್ಪ್ರಿಂಗ್ ಪಟ್ಟಿ ಇರುವ ಜೀನು ಸ್ವಲ್ಪ ಬಾಗಿ ಹಿಂದಕ್ಕೆ ಚಿಮ್ಮುತ್ತದೆ, ಅದು ಸಹಜ. ಬಾಗಿ ಹಾಗೇ ನಿಂತರೆ, ಕಿರ್ ಎಂದರೆ, ಕೂರುವ ಜಾಗದಲ್ಲಿ ಅಡ್ಡಕ್ಕೆ ಆಳವಾದ ಮಡಿಕೆ ಎದ್ದರೆ ಟ್ರೀ ನಡುವಿನಲ್ಲಿ ಮುರಿದಿದೆ. ಆಮೇಲೆ ಮುಂದಿನ ಕಮಾನಿನ ಎರಡು ಕಾಲುಗಳನ್ನು ಹಿಡಿದು ಒಳಕ್ಕೆ ಹಿಂಡಿ, ಹೊರಕ್ಕೆ ಎಳೆಯಿರಿ. ಇಲ್ಲಿ ಅಲುಗಾಟ ಇರಲೇಬಾರದು. ಸವಾರ ಕಾಲಿಡುವ ರಿಕಾಪು ತೂಗುವ ಉಕ್ಕಿನ ಕಂಬಿಯನ್ನೂ ಅಲ್ಲಾಡಿಸಿ ನೋಡಿ, ರಿವೆಟ್ ಸಡಿಲವಾಗಿದ್ದರೆ ಬೆರಳಿಗೇ ಗೊತ್ತಾಗುತ್ತದೆ.

ಮುರಿದ ಟ್ರೀಯನ್ನು ಮನೆಯಲ್ಲಿ ಅಂಟು ಹಾಕಿ ಕೂಡಿಸಬೇಡಿ. ಸವಾರನ ಭಾರವೆಲ್ಲ ಕುದುರೆಯ ಬೆನ್ನಿನ ಒಂದೇ ಬಿಂದುವಿಗೆ ಬೀಳುತ್ತದೆ, ಅದು ಬಾಯಿ ಬಿಟ್ಟು ಹೇಳಲಾರದು, ಒದೆಯುತ್ತದೆ ಅಷ್ಟೆ. ಜೀನಿನಡಿಗೆ ತೂಗುವ ಹೊಟ್ಟೆಪಟ್ಟಿಯ ಬಿಲೆಟ್‌ಗಳಿಗೂ ಇದೇ ಮಾತು. ಲಾಯದಲ್ಲಿ ಹೊಟ್ಟೆಪಟ್ಟಿಯನ್ನು ತಂಗ್ ಎನ್ನುತ್ತಾರೆ. ಅದನ್ನು ಜೀನಿಗೆ ಬಿಗಿಯುವ ಬಿಲೆಟ್‌ಗಳ ತೂತುಗಳು ಉದ್ದಕ್ಕೆ ಹಿಗ್ಗಿ ಕಣ್ಣಿನಾಕಾರ ಆಗಿದ್ದರೆ, ಎರಡು ತೂತಿನ ನಡುವೆ ಗೆರೆ ಕಂಡರೆ, ನಡುವೆ ಹೊಸ ತೂತು ಹೊಡೆಯುವ ಜಾಣತನ ಬೇಡ. ಕಿತ್ತು ಹೊಸದು ಹಾಕಿ. ಅವು ಒಳಗೆ ಹೊಲಿದುಕೊಂಡಿರುವ ನವಾರಿನ ಪಟ್ಟಿಯನ್ನೂ ಎತ್ತಿ ನೋಡಿ, ಬಿಲೆಟ್ ಹೊಸದಿದ್ದು ನವಾರು ಲಡ್ಡಾಗಿರುವ ಜೀನುಗಳನ್ನು ನಾನು ಕಂಡಿದ್ದೇನೆ.

ಒಂದು ಕಾಲು ಉದ್ದ

ಸವಾರಿ ಮಾಡುವಾಗ ಒಂದು ಕಡೆಗೆ ವಾಲುತ್ತಿದ್ದೇನೆ, ಜೀನು ಸೊಟ್ಟಗಿದೆ ಎಂದು ಗೆಳೆಯರೊಬ್ಬರು ತಂದಿದ್ದರು. ಟ್ರೀ ನೆಟ್ಟಗಿತ್ತು, ಒಳಗಿನ ತುಂಬುವಿಕೆಯೂ ಸಮ. ಕೊನೆಗೆ ಎರಡು ರಿಕಾಪು ಪಟ್ಟಿಗಳನ್ನು ಬಿಚ್ಚಿ ಬಕಲ್ಲಿಗೆ ಬಕಲ್ಲು ಕೂಡಿಸಿ ಮೊಳೆಗೆ ತೂಗುಹಾಕಿದೆ. ಐದನೆಯ ತೂತಿನ ಹೊತ್ತಿಗೆ ಎಡಗಡೆಯದು ಒಂದು ಬೆರಳು ಕೆಳಗಿತ್ತು. ಕುದುರೆ ಹತ್ತುವುದು ಎಡಗಡೆಯಿಂದ, ಮೈಭಾರವೆಲ್ಲ ಪ್ರತಿ ಸಲವೂ ಅದೇ ಪಟ್ಟಿಗೆ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಕೊಟ್ಟು, ತಿಂಗಳಿಗೊಮ್ಮೆ ಹೀಗೆ ಬದಲಾಯಿಸುತ್ತಿರಿ ಎಂದೆ. ಸದ್ಯಕ್ಕೆ, ಈಗ ಎಡಕ್ಕೆ ಬಂದಿರುವ ಗಿಡ್ಡ ಪಟ್ಟಿಯನ್ನು ಒಂದು ತೂತು ಕೆಳಗೆ ಹಾಕಿಕೊಂಡು ಓಡಿಸುತ್ತಿದ್ದಾರೆ. ಒಂದು ಚಮಚ ಎಣ್ಣೆಯೂ ಖರ್ಚಾಗಲಿಲ್ಲ.